ತೂಬು, ಏತ, ಬೇರು: ಹೃದಯದ ವಿದ್ಯುತ್ತಿನಲ್ಲಿ ಗಿಡಮೂಲಿಕೆಗಳ ಕೈವಾಡ



ಇಡೀ ಆಯುಷ್ಯ ಹೃದ್ರೋಗ ವಿಭಾಗದಲ್ಲಿ ಕಳೆದವನನ್ನು ಗಿಡಮೂಲಿಕೆಗಳ ಬಗ್ಗೆ ಮಾತನಾಡಲು ಕರೆದಿದ್ದೀರಿ. ಆಹ್ವಾನ ಪತ್ರಿಕೆ ಕೈಸೇರಿದ ದಿನವೇ ಒಬ್ಬ ಸ್ನೇಹಿತರು ಫೋನು ಮಾಡಿ, ‘ಪರವಾಗಿ ಮಾತಾಡ್ತೀರೋ, ವಿರೋಧವಾಗಿಯೋ?’ ಎಂದು ಕೇಳಿದರು. ಮಳೆಗೆ ಪರವೋ ವಿರೋಧವೋ ಎಂದು ಯಾರೂ ಕೇಳುವುದಿಲ್ಲವಲ್ಲ ಎಂದೆ. ಎಲ್ಲಿ ಬಿತ್ತು, ಎಷ್ಟು ಬಿತ್ತು, ಯಾವ ತಿಂಗಳಲ್ಲಿ ಬಿತ್ತು ಎಂದು ಕೇಳುತ್ತೇವೆ. ಇಂದು ನಾನು ಮಾತನಾಡಬೇಕೆಂದಿರುವುದೂ ಆ ರೀತಿಯಲ್ಲೇ.

ನನ್ನ ಮೇಜಿನ ಖಾನೆಯಲ್ಲಿ ಒಂದು ಇ.ಸಿ.ಜಿ. ಪಟ್ಟಿ ಇದೆ. ಆ ಕಾಗದದ ಮೇಲಿನ ಗೆರೆ ಕಾಲ ಕಳೆದಂತೆ ಮಾಸುತ್ತದೆಯೆಂದು ಜೆರಾಕ್ಸ್ ಮಾಡಿಸಿಟ್ಟಿದ್ದೇನೆ. ಅದರಲ್ಲಿ ಒಂದು ಮಿಡಿತ ಮೇಲಕ್ಕೆ ಎದ್ದಿದೆ, ಮುಂದಿನದು ಕೆಳಕ್ಕೆ ಬಿದ್ದಿದೆ, ಮತ್ತೆ ಮೇಲಕ್ಕೆ, ಮತ್ತೆ ಕೆಳಕ್ಕೆ. ಅಳತೆ ತಪ್ಪದ ಕಸೂತಿಯಂತೆ ಪಟ್ಟಿಯ ಉದ್ದಕ್ಕೂ ಹೀಗೇ ಸಾಗಿದೆ. ನೋಡಲು ಚೆಂದ, ಆದರೆ ಅಷ್ಟು ಹೊತ್ತಿಗೆ ರೋಗಿಯ ನಾಡಿ ಕೈಗೆ ಸಿಗುತ್ತಿರಲಿಲ್ಲ. ಅಡಿಕೆ ತೋಟದ ಯಜಮಾನರು, ಅರವತ್ತು ದಾಟಿದವರು. ಹೃದಯಾಘಾತವೆಂದೇ ನಾವೆಲ್ಲ ಓಡಾಡುತ್ತಿದ್ದಾಗ ಹಳೆಯ ನರ್ಸ್ ಒಬ್ಬರು ಬಗ್ಗಿ, ‘ಅಜ್ಜಾ, ತುಟಿ ಜೋಮು ಹಿಡಿದಿದೆಯಾ?’ ಎಂದು ಕೇಳಿದರು. ‘ನಾಲಿಗೆ ನಂದೇ ಅಲ್ಲ ಅನ್ನಿಸ್ತಿದೆ ತಾಯೀ’ ಎಂದರು ಅವರು. ಮಗ ಮನೆಗೆ ಹೋಗಿ ಒಂದು ಪೊಟ್ಟಣ ತಂದ. ಮಂಡಿನೋವಿನ ಕಷಾಯಕ್ಕೆಂದು ತಂದಿಟ್ಟುಕೊಂಡಿದ್ದ, ಹಳೆಯ ಪತ್ರಿಕೆಯಲ್ಲಿ ಸುತ್ತಿದ ನಾಲ್ಕಾರು ಕಪ್ಪು ಬೇರುಗಳು. ಆ ಪಟ್ಟಿಗೂ ಈ ಪೊಟ್ಟಣಕ್ಕೂ ಇರುವ ದಾರಿಯನ್ನು ತೋರಿಸುವುದೇ ಇಂದಿನ ಉಪನ್ಯಾಸದ ಉದ್ದೇಶ.

ಮೊದಲು ಹೃದಯದ ವಿದ್ಯುತ್ತು ಎಂದರೇನು ಎಂದು ನೋಡೋಣ. ಆಮೇಲೆ ಸರ್ಪಗಂಧ, ಅದರ ನಂತರ ವತ್ಸನಾಭಿ, ಬಳಿಕ ಕಣಗಿಲೆ ಮತ್ತು ಅದರ ವಿಲಾಯತಿ ನೆಂಟ. ಕೊನೆಗೆ ಅಡುಗೆಮನೆಯ ಡಬ್ಬಿಗೆ ಬರುತ್ತೇನೆ. ಎಲ್ಲಕ್ಕೂ ಸಮನಾಗಿ ಸಮಯ ಹಂಚುತ್ತೇನೆಂದು ಮಾತು ಕೊಡಲಾರೆ. ಸರ್ಪಗಂಧದ ಕಥೆಯ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿದೆ.

ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತದೆ. ಪ್ರತಿ ಬಡಿತಕ್ಕೂ ಮುಂಚೆ ಒಂದು ವಿದ್ಯುತ್ ಅಲೆ ಮೇಲಿನ ಕೋಣೆಗಳಿಂದ ಕೆಳಗಿನ ಕೋಣೆಗಳಿಗೆ ಹರಿಯಬೇಕು. ವಿದ್ಯುತ್ತು ಎಂದಕೂಡಲೇ ತಂತಿ, ಕಂಬ ನೆನಪಾಗುತ್ತವೆ. ಹೃದಯದೊಳಗೆ ಇರುವುದು ಉಪ್ಪುನೀರು. ಆದ್ದರಿಂದ ಕಂಬ, ತಂತಿಗಳನ್ನು ಬಿಟ್ಟು ಕೆರೆಯನ್ನು ನೆನಪಿಸಿಕೊಳ್ಳಿ. ಕೆರೆಯಲ್ಲಿ ನೀರು ತುಂಬಿದೆ. ಏರಿಯ ಕೆಳಗೆ ಗದ್ದೆ. ನಡುವೆ ತೂಬು. ನೀರುಗಂಟಿ ತೂಬು ಎತ್ತಿದರೆ ನೀರು ನುಗ್ಗುತ್ತದೆ, ಹಾಕಿದರೆ ನಿಲ್ಲುತ್ತದೆ. ಹೃದಯದ ಪ್ರತಿಯೊಂದು ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಪೊಟ್ಯಾಸಿಯಂ ಹೆಚ್ಚು. ಕೋಶದ ಪೊರೆಯಲ್ಲಿ ಸೋಡಿಯಮ್ಮಿಗೆಂದೇ ಸಣ್ಣ ಸಣ್ಣ ತೂಬುಗಳಿವೆ. ವಿಶ್ರಾಂತಿಯಲ್ಲಿರುವ ಕೋಶದ ಒಳಗೆ ಹೊರಗಿಗಿಂತ ಸುಮಾರು 90 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಟಾರ್ಚಿನ ಒಂದು ಶೆಲ್ಲು 1.5 ವೋಲ್ಟ್ ಎಂದರೆ ಇದೆಷ್ಟು ಅಲ್ಪವೆಂದು ತಿಳಿಯುತ್ತದೆ. ಅಲೆ ಬಂದು ತಟ್ಟಿದಾಗ ತೂಬು ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಒಂದೆರಡು ಮಿಲಿಸೆಕೆಂಡಿನಲ್ಲಿ ತೂಬು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಕ್ಯಾಲ್ಸಿಯಂ ನಿಧಾನವಾಗಿ ಒಳಬಂದು ಸ್ನಾಯುವನ್ನು ಹಿಂಡುತ್ತದೆ. ಪೊಟ್ಯಾಸಿಯಂ ಹೊರಹೋಗಿ ಕೋಶವನ್ನು ಮತ್ತೆ ಮೊದಲಿನ ಸ್ಥಿತಿಗೆ ತರುತ್ತದೆ.

ಒಳಬಂದ ಸೋಡಿಯಂ ಅಲ್ಲೇ ಉಳಿದರೆ? ಅದನ್ನು ಎತ್ತಿ ಹೊರಹಾಕಲು ಪೊರೆಯಲ್ಲೇ ಒಂದು ಏತ ಕೂತಿದೆ. ಮೂರು ಸೋಡಿಯಂ ಹೊರಕ್ಕೆ, ಎರಡು ಪೊಟ್ಯಾಸಿಯಂ ಒಳಕ್ಕೆ. ಹಗಲೂ ರಾತ್ರಿ ಇದೇ ಲೆಕ್ಕ. ಈ ಏತವನ್ನು 1957ರಲ್ಲಿ ಏಡಿಯ ಕಾಲಿನ ನರಗಳಲ್ಲಿ ಪತ್ತೆಮಾಡಿದವರು ಡೆನ್ಮಾರ್ಕಿನ ಯೆನ್ಸ್ ಸ್ಕೌ. ಅದಕ್ಕೆ ನೊಬೆಲ್ ಬರಲು 40 ವರ್ಷ ಕಾಯಬೇಕಾಯಿತು, 1997ರಲ್ಲಿ ಬಂತು.

ಈ ಹರಿವಿನ ನೆರಳನ್ನು ಮೈಮೇಲಿನಿಂದಲೇ ಹಿಡಿಯುವುದು ಇ.ಸಿ.ಜಿ. ಹಾಲೆಂಡಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ 20ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ಉಪಕರಣದ ಸಂತಾನ ಅದು. ಅವರಿಗೆ 1924ರ ನೊಬೆಲ್ ಸಂದಿತು. ಕಾಗದದ ಸಣ್ಣ ಚೌಕ ಒಂದಕ್ಕೆ 0.04 ಸೆಕೆಂಡು. ಕೆಳಕೋಣೆಗಳಿಗೆ ವಿದ್ಯುತ್ತು ಹರಡುವುದನ್ನು ತೋರಿಸುವ ಚೂಪು ಗೆರೆ, ಅಂದರೆ ಕ್ಯೂಆರ್‌ಎಸ್, ಮೂರು ಸಣ್ಣ ಚೌಕಗಳಿಗಿಂತ ಕಿರಿದಾಗಿರಬೇಕು. ತೂಬು ಸಲೀಸಾಗಿ ತೆರೆದರೆ ಗೆರೆ ಕಿರಿದು; ಸಿಕ್ಕಿಕೊಂಡರೆ ಅಗಲ. ಇಂದಿನ ಮಾತಿಗೆ ಇಷ್ಟು ಸಾಕು.

ಈಗ ಸರ್ಪಗಂಧಕ್ಕೆ ಬರೋಣ. ನಮ್ಮ ಪಶ್ಚಿಮಘಟ್ಟದ ನೆರಳಿನಲ್ಲೂ ಹಿಮಾಲಯದ ತಪ್ಪಲಿನಲ್ಲೂ ಬೆಳೆಯುವ ಮೊಣಕಾಲುದ್ದದ ಗಿಡ. ಬಿಳಿ ಹೂವಿಗೆ ಕೆಂಪು ತೊಟ್ಟು, ಹಣ್ಣಾದಾಗ ಕಪ್ಪು ಕಾಯಿ, ನಾಲಿಗೆಗಿಟ್ಟರೆ ಮುಖ ಕಿವುಚುವಷ್ಟು ಕಹಿ ಬೇರು. ನಾಗರಹಾವಿನ ಮೇಲೆ ಬೀಳುವ ಮೊದಲು ಮುಂಗುಸಿ ಇದನ್ನು ಮೆಲ್ಲುತ್ತದೆ ಎಂಬ ಕಥೆಯನ್ನು ಬಾಲ್ಯದಲ್ಲಿ ನಾವೆಲ್ಲ ನಂಬಿದ್ದೆವು. ವೈದ್ಯರು ಇದನ್ನು ನಿದ್ರೆಗೂ ಉನ್ಮಾದಕ್ಕೂ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್, ಈ ಬೇರು ರಕ್ತದೊತ್ತಡವನ್ನೂ ಇಳಿಸುತ್ತದೆಂದು ಬರೆದರು. 1949ರಲ್ಲಿ ಮುಂಬಯಿಯ ರುಸ್ತಂ ಜಾಲ್ ವಕೀಲರು ತಮ್ಮ ರೋಗಿಗಳ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್ಲಿನಲ್ಲಿ ಪ್ರಕಟಿಸಿದ ಮೇಲೆ ಜಗತ್ತಿನ ಕಣ್ಣು ಇತ್ತ ಹೊರಳಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಈ ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. ಸರ್ಪಗಂಧ ಎಂದರೆ ರಿಸರ್ಪಿನ್ ಎಂದೇ ನಮ್ಮ ಪಠ್ಯಪುಸ್ತಕಗಳು ಹೇಳಿ ಮುಗಿಸುತ್ತವೆ. ಅದು ನರತುದಿಗಳಲ್ಲಿರುವ ರಾಸಾಯನಿಕಗಳ ದಾಸ್ತಾನನ್ನು ಖಾಲಿ ಮಾಡುವ ಔಷಧಿ. ಹೃದಯದ ತೂಬಿಗೂ ಅದಕ್ಕೂ ನೇರ ಸಂಬಂಧವಿಲ್ಲ.

ತೂಬಿನ ಕಥೆ ಅದಕ್ಕಿಂತ ಸುಮಾರು 20 ವರ್ಷ ಹಿಂದಿನದು, ದೆಹಲಿಯ ಕರೋಲ್‌ಬಾಗಿನದು. ಹಕೀಂ ಅಜ್ಮಲ್ ಖಾನರು ಅಲ್ಲಿ ಆಯುರ್ವೇದ ಮತ್ತು ಯುನಾನಿ ಎರಡನ್ನೂ ಒಂದೇ ಸೂರಿನಡಿ ಕಲಿಸುವ ತಿಬ್ಬಿಯಾ ಕಾಲೇಜು ಕಟ್ಟಿದ್ದರು; 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ. ಹಳೆಯ ಔಷಧಿಗಳನ್ನು ಹೊಸ ರಸಾಯನಶಾಸ್ತ್ರದಿಂದ ಪರೀಕ್ಷಿಸಬೇಕೆಂಬುದು ಹಕೀಮರ ಹಟ. ಅದಕ್ಕಾಗಿ ಆರಿಸಿದ್ದು ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಓದಿದ ತರುಣ ಸಲೀಮುಜ್ಜಮಾನ್ ಸಿದ್ದಿಕಿಯವರನ್ನು. ಹಕೀಮರು 1927ರ ಡಿಸೆಂಬರಿನಲ್ಲಿ ತೀರಿಕೊಂಡರು. 1931ರಲ್ಲಿ ಸಿದ್ದಿಕಿಯವರು ಸರ್ಪಗಂಧದ ಬೇರಿನಿಂದ ಹಲವು ಕ್ಷಾರಾಭಗಳನ್ನು ಬೇರ್ಪಡಿಸಿ, ಅವುಗಳಲ್ಲೊಂದಕ್ಕೆ ‘ಅಜ್ಮಲಿನ್’ ಎಂದು ಹೆಸರಿಟ್ಟರು. ಗುರುದಕ್ಷಿಣೆ ಎನ್ನುವುದಾದರೆ ಇದಕ್ಕೆ ಅನ್ನಬೇಕು. ಮುಂದೆ ಸಿದ್ದಿಕಿಯವರು ಪಾಕಿಸ್ತಾನಕ್ಕೆ ಹೋದರು, ಕರಾಚಿಯಲ್ಲಿ ದೊಡ್ಡ ಸಂಶೋಧನಾ ಸಂಸ್ಥೆ ಕಟ್ಟಿದರು, 1994ರವರೆಗೆ ಬದುಕಿದ್ದರು. ಗಡಿಯ ಎರಡೂ ಕಡೆಯವರು ಹಂಚಿಕೊಳ್ಳಬಹುದಾದ ಹೆಸರು ಅದು, ಹಂಚಿಕೊಳ್ಳುವುದು ಕಡಿಮೆ.

ಅಜ್ಮಲಿನ್ ಮಾಡುವುದೇನು? ಸೋಡಿಯಂ ತೂಬಿಗೆ ಅಡ್ಡ ಕೂರುತ್ತದೆ. ಹರಿವು ತಗ್ಗುತ್ತದೆ, ಅಲೆ ನಿಧಾನವಾಗುತ್ತದೆ, ಇ.ಸಿ.ಜಿ.ಯಲ್ಲಿ ಗೆರೆ ಅಗಲವಾಗುತ್ತದೆ. ಅಡ್ಡಾದಿಡ್ಡಿ ಓಡುವ ಹೃದಯಬಡಿತವನ್ನು ಹಿಡಿದು ನಿಲ್ಲಿಸಲು ಯೂರೋಪಿನ ವೈದ್ಯರು ಇದನ್ನು ಬಳಸುತ್ತಿದ್ದರು. ನಿಜವಾದ ಅಚ್ಚರಿ ಆಮೇಲಿನದು. 1992ರಲ್ಲಿ ಪೆಡ್ರೊ ಮತ್ತು ಜೋಸೆಪ್ ಬ್ರುಗಾಡ ಎಂಬ ಸೋದರ ವೈದ್ಯರು ಎಂಟು ರೋಗಿಗಳ ವಿವರ ಪ್ರಕಟಿಸಿದರು. ಹೃದಯದ ರಚನೆಯಲ್ಲಿ ಯಾವ ಊನವೂ ಕಾಣದು, ಆದರೂ ಇದ್ದಕ್ಕಿದ್ದಂತೆ ಹೃದಯ ನಿಂತುಬಿಡುತ್ತದೆ. ಇ.ಸಿ.ಜಿ.ಯ ಎದೆಯ ಬಲಭಾಗದ ಗೆರೆಗಳಲ್ಲಿ ಮಾತ್ರ ಒಂದು ವಿಚಿತ್ರ ಇಳಿಜಾರು. ರಾತ್ರಿ ಊಟ ಮಾಡಿ ಮಲಗಿದ ಗಟ್ಟಿಮುಟ್ಟು ಯುವಕ ಬೆಳಿಗ್ಗೆ ಏಳದಿರುವ ಸಾವಿಗೆ ಥಾಯ್ಲೆಂಡಿನಲ್ಲಿ, ಫಿಲಿಪ್ಪೀನ್ಸಿನಲ್ಲಿ ಹಿಂದಿನಿಂದಲೂ ಬೇರೆಬೇರೆ ಹೆಸರುಗಳಿದ್ದವು. ಅವುಗಳಲ್ಲಿ ಅನೇಕಕ್ಕೆ ಈ ಬ್ರುಗಾಡ ಕಾಯಿಲೆಯೇ ಕಾರಣವೆಂದು ಆಮೇಲೆ ತಿಳಿಯಿತು. ಕೆಲವು ಕುಟುಂಬಗಳಲ್ಲಿ ಸೋಡಿಯಂ ತೂಬನ್ನು ಕಟ್ಟುವ ವಂಶವಾಹಿಯಲ್ಲೇ ದೋಷವಿರುವುದು 1998ರಲ್ಲಿ ಗೊತ್ತಾಯಿತು.

ತೊಂದರೆ ಏನೆಂದರೆ, ಆ ಇಳಿಜಾರು ಎಲ್ಲ ದಿನವೂ ಕಾಣುವುದಿಲ್ಲ. ಇಂದು ತೆಗೆದ ಇ.ಸಿ.ಜಿ. ಸರಿಯಿರುತ್ತದೆ, ನಾಳೆ ಜ್ವರ ಬಂದಾಗ ಕಾಣಿಸಿಕೊಳ್ಳುತ್ತದೆ. ಅಣ್ಣ ನಿದ್ದೆಯಲ್ಲೇ ತೀರಿಕೊಂಡ ಮನೆಯಲ್ಲಿ ತಮ್ಮನನ್ನು ಹೇಗೆ ಪರೀಕ್ಷಿಸುವುದು? ಯೂರೋಪಿನ ಅನೇಕ ಆಸ್ಪತ್ರೆಗಳಲ್ಲಿ ಅಜ್ಮಲಿನ್ ಕೊಡುತ್ತಾರೆ: ದೇಹದ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕದಲ್ಲಿ, ಕೆಲವು ನಿಮಿಷಗಳ ಕಾಲ ನಿಧಾನವಾಗಿ ರಕ್ತನಾಳಕ್ಕೆ. ಪಕ್ಕದಲ್ಲಿ ಶಾಕ್ ಕೊಡುವ ಯಂತ್ರ ಸಿದ್ಧವಿರುತ್ತದೆ. ಮೊದಲೇ ಸೊರಗಿದ ತೂಬು ಇನ್ನಷ್ಟು ಸೊರಗುತ್ತದೆ, ಅಡಗಿದ್ದ ಇಳಿಜಾರು ಪರದೆಯ ಮೇಲೆ ಮೂಡುತ್ತದೆ, ಔಷಧಿ ಬೇಗ ಇಳಿಯುವುದರಿಂದ ಸ್ವಲ್ಪ ಹೊತ್ತಿನಲ್ಲೇ ಮಾಯವಾಗುತ್ತದೆ. ಕೆಲವೊಮ್ಮೆ ಸುಳ್ಳು ಎಚ್ಚರಿಕೆಯೂ ಬರುತ್ತದೆ. ಅದನ್ನು ತೂಗಿ ನೋಡುವುದು ವೈದ್ಯರ ಕೆಲಸ. ಅಂತೂ ಮುಂಗುಸಿಯ ಬೇರು ಇಂದು ಸ್ಪೇನಿನಲ್ಲೋ ಬೆಲ್ಜಿಯಮ್ಮಿನಲ್ಲೋ ಒಬ್ಬ ತಮ್ಮನ ಹೃದಯವನ್ನು ಮಾತಾಡಿಸುತ್ತಿದೆ, ಅದೂ ದೆಹಲಿಯ ಹಕೀಮರ ಹೆಸರಿನಲ್ಲಿ.

ಸರ್ಪಗಂಧದ ಬೇರನ್ನು ಅರೆದು ಕುಡಿದರೆ ಇದೇ ಪರೀಕ್ಷೆ ಆಗುತ್ತದೆಯೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ, ಇಲ್ಲ. ಬೇರಿನಲ್ಲಿ ರಿಸರ್ಪಿನ್ ಇದೆ, ಅಜ್ಮಲಿನ್ ಇದೆ, ಇನ್ನೂ ಹತ್ತಾರು ಇವೆ. ಒಂದೊಂದು ಒಂದೊಂದು ಕಡೆ ಎಳೆಯುತ್ತದೆ.

ಇಲ್ಲಿಂದ ಮುಂದೆ ವತ್ಸನಾಭಿ, ಅಂದರೆ ನಾನು ಮೊದಲು ಹೇಳಿದ ಪೊಟ್ಟಣದ ಬೇರು. ಕರುವಿನ ಹೊಕ್ಕುಳಿನಂತೆ ಕಾಣುತ್ತದೆಂದು ಆ ಹೆಸರು. ನಮ್ಮಲ್ಲಿ ಬೆಳೆಯುವುದಿಲ್ಲ, ಹಿಮಾಲಯದ ಎತ್ತರದಿಂದ ಗ್ರಂಧಿಗೆ ಅಂಗಡಿಗೆ ಇಳಿದು ಬರುತ್ತದೆ. ಅದರೊಳಗಿನ ಅಕೊನಿಟಿನ್, ಸರ್ಪಗಂಧ ಮಾಡುವುದಕ್ಕೆ ತದ್ವಿರುದ್ಧವಾದದ್ದನ್ನು ಮಾಡುತ್ತದೆ. ಅಜ್ಮಲಿನ್ ತೂಬಿಗೆ ಅಡ್ಡ ಕೂತರೆ ಅಕೊನಿಟಿನ್ ತೂಬನ್ನು ಎತ್ತಿ ಬೆಣೆ ಹೊಡೆಯುತ್ತದೆ. ಮುಚ್ಚಬೇಕಾದ ಹೊತ್ತಿನಲ್ಲಿ ಅದು ಮುಚ್ಚುವುದೇ ಇಲ್ಲ. ತುಟಿ, ನಾಲಿಗೆಯ ನರಗಳಲ್ಲೂ ಅದೇ ತೂಬುಗಳಿರುವುದರಿಂದ ಮೊದಲು ಜುಮುಜುಮು, ಆಮೇಲೆ ಮರಗಟ್ಟುವಿಕೆ. ಹಳೆಯ ನರ್ಸ್ ಕೇಳಿದ ಪ್ರಶ್ನೆಯ ಹಿಂದಿದ್ದದ್ದು ಇದೇ. ಆಮೇಲೆ ವಾಂತಿ, ನಿಶ್ಶಕ್ತಿ. ಹೃದಯದ ಕೆಳಕೋಣೆಗಳು ಹೇಳಿದ ಮಾತು ಕೇಳದೆ ತಾವೇ ಬಡಿಯತೊಡಗುತ್ತವೆ. ಶುದ್ಧ ಅಕೊನಿಟಿನ್ ಒಂದು ಸಾಸಿವೆ ಕಾಳಿನ ತೂಕದಷ್ಟಿದ್ದರೂ ಪ್ರಾಣ ಹೋಗಬಹುದು. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಹಾಗಾದರೆ ನೂರಾರು ವರ್ಷದಿಂದ ವೈದ್ಯರು ಇದನ್ನು ಹೇಗೆ ಕೊಡುತ್ತಾ ಬಂದರು? ತ್ರಿಭುವನಕೀರ್ತಿ, ಮೃತ್ಯುಂಜಯ ರಸ, ಆನಂದಭೈರವ ರಸ, ಎಲ್ಲದರಲ್ಲೂ ವತ್ಸನಾಭಿ ಇದೆ. ಉತ್ತರ ಶೋಧನದಲ್ಲಿದೆ. ಬೇರನ್ನು ಸಣ್ಣಗೆ ಹೆಚ್ಚಿ, ದಿನವೂ ಹೊಸ ಗೋಮೂತ್ರ ಹಾಕಿ ಮೂರು ದಿನ ಬಿಸಿಲಿನಲ್ಲಿ ನೆನೆಸುವುದು, ಬಟ್ಟೆಯಲ್ಲಿ ಕಟ್ಟಿ ಹಾಲಿನಲ್ಲಿ ತೂಗುಬಿಟ್ಟು ಬೇಯಿಸುವುದು, ಹೀಗೆ ಪದ್ಧತಿಗಳಿವೆ. ನಾನು ಕಲಿಯುವಾಗ ನಮ್ಮ ಅಧ್ಯಾಪಕರು ಇದನ್ನು ಕೇಳಿ ನಗುತ್ತಿದ್ದರು. ಅವರ ಜೊತೆ ನಾನೂ ನಕ್ಕಿದ್ದೆ. ರಸಾಯನಶಾಸ್ತ್ರ ನಗುವುದಿಲ್ಲ. ಅಕೊನಿಟಿನ್ ಅಣುವಿಗೆ ಎಸ್ಟರ್ ಎಂಬ ಎರಡು ಕೊಂಡಿಗಳಿವೆ. ನೀರಿನಲ್ಲಿ ದೀರ್ಘಕಾಲ ಕುದಿಸಿದರೆ ಒಂದೊಂದಾಗಿ ಕಳಚಿಕೊಳ್ಳುತ್ತವೆ. ಒಂದು ಕಳಚಿದರೆ ವಿಷ ನೂರಾರು ಪಾಲು ತಗ್ಗುತ್ತದೆ, ಎರಡೂ ಕಳಚಿದರೆ ಇನ್ನೂ ತಗ್ಗುತ್ತದೆ. 1991ರಲ್ಲಿ ಮುಂಬಯಿಯ ಸಂಶೋಧಕರು ಇಲಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಶೋಧಿಸದ ಬೇರು ಕೊಟ್ಟ ಇಲಿಗಳೆಲ್ಲ ಸತ್ತವು. ಪೂರ್ತಿ ಶೋಧಿಸಿದ್ದನ್ನು ಅದರ 8 ಪಟ್ಟು ಕೊಟ್ಟರೂ ಒಂದೂ ಸಾಯಲಿಲ್ಲ. ಒಂದು ಹಂತ ಬಿಟ್ಟರೂ ವಿಷ ಪೂರ್ತಿ ಹೋಗುವುದಿಲ್ಲವೆಂಬುದೂ ಅದರಲ್ಲೇ ತಿಳಿಯಿತು. ಚೀನೀ ವೈದ್ಯದಲ್ಲೂ ಇದೇ ಕುಲದ ಬೇರುಗಳಿವೆ, ದೀರ್ಘಕಾಲ ಕುದಿಸುವ ಕಟ್ಟಳೆಯಿದೆ. ಆ ಕಟ್ಟಳೆ ತಪ್ಪಿದ ಕಷಾಯ ಕುಡಿದವರು ಹಾಂಗ್‌ಕಾಂಗ್‌ನ ಆಸ್ಪತ್ರೆಗಳಿಗೆ ಬಂದ ವರದಿಗಳನ್ನು ನಾವೆಲ್ಲ ಓದಿದ್ದೇವೆ.

ನಮ್ಮ ರೋಗಿಯ ಮನೆಯಲ್ಲೂ ತಪ್ಪಿದ್ದು ಅಷ್ಟೇ. ಅವರ ತಂದೆ ಇದೇ ಬೇರಿನ ಕಷಾಯ ಕುಡಿದವರು. ಆದರೆ ಅವರ ಕಾಲದಲ್ಲಿ ಅದು ವೈದ್ಯರ ಮನೆಯಿಂದ ಶೋಧನವಾಗಿ ಬರುತ್ತಿತ್ತು, ಮತ್ತೆ ಸೌದೆ ಒಲೆಯ ಮೇಲೆ ಬೆಳಗಿನಿಂದ ಸಂಜೆವರೆಗೆ ಕುದಿಯುತ್ತಿತ್ತು. ಮಗನ ಕಾಲಕ್ಕೆ ಬೇರು ಅಂಗಡಿಯಿಂದ ಹಸಿಹಸಿಯಾಗಿ ಬಂತು, ಕುಕ್ಕರಿನಲ್ಲಿ ನಾಲ್ಕು ಕೂಗಿಗೆ ಇಳಿಯಿತು.

ಸರ್ಕಾರಕ್ಕೆ ಇದು ಗೊತ್ತಿಲ್ಲ ಎಂದಲ್ಲ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ ವತ್ಸನಾಭಿ ಇದೆ, ಕಣಗಿಲೆಯ ಬೇರೂ ಇದೆ. ಇವು ಸೇರಿದ ತಯಾರಿಕೆಗಳ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು, ಇಂಗ್ಲಿಷಿನಲ್ಲಿ ಮತ್ತು ಹಿಂದಿಯಲ್ಲಿ. ತುಟಿ ಜೋಮು ಹಿಡಿಯುವುದು ಮಾತ್ರ ಕನ್ನಡದಲ್ಲಿ. ಪತ್ರಿಕೆಯಲ್ಲಿ ಸುತ್ತಿ ಕೊಡುವ ಬೇರಿಗಂತೂ ಯಾವ ಭಾಷೆಯ ಚೀಟಿಯೂ ಇಲ್ಲ.

ಮೂರನೆಯ ಗಿಡಕ್ಕೆ ಬರುತ್ತೇನೆ, ಸ್ವಲ್ಪ ವೇಗವಾಗಿ. 1775ರಲ್ಲಿ ಇಂಗ್ಲೆಂಡಿನ ವಿಲಿಯಂ ವಿದರಿಂಗ್ ಎಂಬ ವೈದ್ಯರಿಗೆ, ಶ್ರಾಪ್‌ಷೈರಿನ ಒಬ್ಬ ಅಜ್ಜಿ ಮೈಯೂತಕ್ಕೆ ಕೊಡುತ್ತಿದ್ದ ಗುಟ್ಟಿನ ಮದ್ದು ಕೈಸೇರಿತು. ಇಪ್ಪತ್ತಕ್ಕೂ ಮೇಲೆ ಸೊಪ್ಪುಗಳ ಮಿಶ್ರಣ. ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಫಾಕ್ಸ್‌ಗ್ಲೋವ್ ಒಂದೇ ಎಂದು ಅವರು ಗುರುತಿಸಿದರು. ಹತ್ತು ವರ್ಷ ರೋಗಿಗಳ ಲೆಕ್ಕವಿಟ್ಟು, ಗುಣವಾದವರ ಜೊತೆಗೆ ಕೆಟ್ಟದ್ದಾದವರನ್ನೂ ಬಚ್ಚಿಡದೆ, 1785ರಲ್ಲಿ ಪುಸ್ತಕ ಬರೆದರು. ಡಿಜಿಟಾಲಿಸ್, ಡಿಗಾಕ್ಸಿನ್ ಎಂಬ ಹೃದಯದ ಔಷಧಿಗಳು ಬಂದದ್ದು ಆ ಕುಲದಿಂದ. ಶಿವಪೂಜೆಗೆ ನಾವು ಕೊಯ್ಯುವ, ಹೆದ್ದಾರಿಯ ನಡುವೆ ಸಾಲಾಗಿ ನೆಟ್ಟಿರುವ, ದನ ಮೂಸಿಯೂ ನೋಡದ ಕಣಗಿಲೆಯಲ್ಲಿರುವುದು ಇದೇ ಜಾತಿಯ ವಸ್ತು. ಇವು ತೂಬಿನ ತಂಟೆಗೆ ಹೋಗುವುದಿಲ್ಲ. ಏತವನ್ನು ಹಿಡಿದು ನಿಲ್ಲಿಸುತ್ತವೆ.

ಈಗ ನನಗೆ ಬಹಳ ಪ್ರಿಯವಾದ ಒಂದು ಸಂಗತಿ. ಮೊದಲು ಹೇಳಿದ ಆ ಕಸೂತಿ, ಒಂದು ಮೇಲೆ ಒಂದು ಕೆಳಗೆ, ವತ್ಸನಾಭಿಯ ವಿಷದಲ್ಲಿ ಕಾಣುತ್ತದೆ. ಡಿಗಾಕ್ಸಿನ್ ಅತಿಯಾದಾಗಲೂ ಕಾಣುತ್ತದೆ. ಒಂದು ಹಿಮಾಲಯದ ಬೇರು, ಇನ್ನೊಂದು ಯೂರೋಪಿನ ಸೊಪ್ಪು. ಒಂದು ಮುಟ್ಟುವುದು ತೂಬನ್ನು, ಇನ್ನೊಂದು ಏತವನ್ನು. ಆದರೂ ಕಾಗದದ ಮೇಲೆ ಇಬ್ಬರ ರುಜುವೂ ಒಂದೇ. ಕೆರೆಯನ್ನು ನೆನಪಿಸಿಕೊಂಡರೆ ಗೊತ್ತಾಗುತ್ತದೆ. ತೂಬು ಮುಚ್ಚದಿದ್ದರೂ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಏತ ನಿಂತರೂ ನೀರು ನಿಲ್ಲುತ್ತದೆ. ಕೋಶದೊಳಗೆ ಸೋಡಿಯಂ ಹೆಚ್ಚಿದಾಗ ಕ್ಯಾಲ್ಸಿಯಂ ಹೊರಹೋಗಲಾರದೆ ತುಂಬಿಕೊಳ್ಳುತ್ತದೆ. ಮಿತವಾಗಿ ತುಂಬಿದರೆ ಹೃದಯ ಗಟ್ಟಿಯಾಗಿ ಹಿಂಡುತ್ತದೆ. ಡಿಗಾಕ್ಸಿನ್ನಿನ ಗುಣವೇ ಅದು. ಮಿತಿ ಮೀರಿದರೆ ಕೋಶ ಸಮಯವಲ್ಲದ ಸಮಯದಲ್ಲಿ ತಾನೇ ಸಿಡಿಯುತ್ತದೆ. ಗುಣಕ್ಕೂ ದೋಷಕ್ಕೂ ಇಲ್ಲಿ ಕಾರಣ ಒಂದೇ, ಅಳತೆ ಮಾತ್ರ ಬೇರೆ. ನಮ್ಮ ಅಡಿಕೆ ತೋಟದ ಅಜ್ಜನಿಗೆ ಶಾಕ್ ಕೊಟ್ಟರೂ ಆ ಕೆಟ್ಟ ಲಯ ನಿಲ್ಲಲಿಲ್ಲ. ಅಮಿಯೋಡರೋನ್ ಎಂಬ ಔಷಧಿ ಹನಿಸುತ್ತಾ ರಾತ್ರಿಯೆಲ್ಲ ಕಾದೆವು. ವಿಷ ತಾನಾಗಿ ಇಳಿದು, ಬೆಳಗಿನ ಜಾವ ನಾಲ್ಕರ ಸುಮಾರಿಗೆ ಗೆರೆ ಸರಿಯಾದ ಲಯಕ್ಕೆ ಮರಳಿತು.

ಅರ್ಜುನದ ಬಗ್ಗೆ ಹೇಳಲೇ ಇಲ್ಲ ಎಂದು ಕೆಲವರು ಅಂದುಕೊಳ್ಳುತ್ತಿರಬಹುದು. ನಮ್ಮ ಹೊಳೆಬದಿಯ ತೊರೆಮತ್ತಿ. ಅದರ ತೊಗಟೆಯನ್ನು ಹಾಲಿನಲ್ಲಿ ಕುದಿಸಿ ಹೃದಯಕ್ಕೆಂದು ಕೊಡುವ ಪದ್ಧತಿ ಪ್ರಾಚೀನ. ಅದರ ಮೇಲೆ ನಡೆದ ಅಧ್ಯಯನಗಳು ಬಹುಮಟ್ಟಿಗೆ ಸಣ್ಣವು, ಎದೆನೋವು ಮತ್ತು ಸ್ನಾಯುವಿನ ಬಲ ಕುರಿತವು. ಇಂದಿನ ವಿಷಯ ವಿದ್ಯುತ್ತಾದ್ದರಿಂದ ಅದನ್ನು ಬೇರೆಯವರಿಗೆ ಬಿಡುತ್ತೇನೆ.

ಕೊನೆಯ ಭಾಗ, ಅಡುಗೆಮನೆಯ ಡಬ್ಬಿ. ಜ್ಯೇಷ್ಠಮಧುವನ್ನು ವಿಷವೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಭಾಗವತರು, ಹರಿಕಥೆಯವರು, ನಮ್ಮಂಥ ಭಾಷಣದವರು ಗಂಟಲಿಗೆಂದು ದವಡೆಯಲ್ಲಿಟ್ಟುಕೊಳ್ಳುತ್ತೇವೆ. ಅದು ತೂಬನ್ನೂ ಏತವನ್ನೂ ಮುಟ್ಟದು. ಅದರ ಸಿಹಿಯಲ್ಲಿರುವ ಗ್ಲಿಸಿರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿಗೆ ಇರುವ ಕಡಿವಾಣವನ್ನು ಬಿಚ್ಚುತ್ತದೆ. ಆಗ ದೇಹ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಂ ಹೊರಹಾಕುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ 3.5ರಿಂದ 5ರ ನಡುವೆ ಇರಬೇಕು. ಅದಕ್ಕಿಂತ ಇಳಿದರೆ ಪ್ರತಿ ಬಡಿತದ ನಂತರ ಹೃದಯ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಒಂದು ತುಣುಕಿನಿಂದ ಏನೂ ಆಗದು. ದಿನವೂ ತಿಂಗಳುಗಟ್ಟಲೆ ಅಗಿದರೆ ಆಗಬಹುದು. ಮೂತ್ರ ಹೋಗಿಸುವ ಮಾತ್ರೆಯೂ ಪೊಟ್ಯಾಸಿಯಂ ಇಳಿಸುತ್ತದೆ. ಜೊತೆಗೆ ಡಿಗಾಕ್ಸಿನ್ ಇದ್ದರೆ, ಏತದ ಮೇಲೆ ಕೂರಲು ಅದಕ್ಕೂ ಪೊಟ್ಯಾಸಿಯಮ್ಮಿಗೂ ಪೈಪೋಟಿ. ಪೊಟ್ಯಾಸಿಯಂ ಕಡಿಮೆಯಾದಷ್ಟೂ ಡಿಗಾಕ್ಸಿನ್ನಿನ ಹಿಡಿತ ಬಿಗಿ. ಮಾತ್ರೆಯ ಅಳತೆ ಮೊದಲಿನದೇ ಇದ್ದರೂ ಅದು ಅತಿಯಾದಂತೆ ವರ್ತಿಸುತ್ತದೆ.

ಅಜ್ಜನ ಪ್ರಸಂಗದ ನಂತರ ನಾನು ಹೊರರೋಗಿ ವಿಭಾಗದಲ್ಲಿ ನನ್ನ ಪ್ರಶ್ನೆಯನ್ನು ಬದಲಿಸಿಕೊಂಡೆ. ‘ಯಾವ ಔಷಧಿ ತಗೊಳ್ತೀರಿ?’ ಎಂದರೆ ಮಾತ್ರೆಯ ಪಟ್ಟಿ ಮಾತ್ರ ಬರುತ್ತದೆ. ‘ಬೆಳಿಗ್ಗೆ ಎದ್ದಾಗಿನಿಂದ ಬಾಯಿಗೆ ಏನೇನು ಹಾಕ್ತೀರಿ, ಒಂದೊಂದಾಗಿ ಹೇಳಿ’ ಎಂದು ಕೇಳತೊಡಗಿದೆ. ಹೊತ್ತು ಹಿಡಿಯುತ್ತದೆ, ಹೊರಗೆ ಸಾಲು ಗೊಣಗುತ್ತದೆ. ಒಮ್ಮೆ ಡಿಗಾಕ್ಸಿನ್ ಮತ್ತು ಮೂತ್ರದ ಮಾತ್ರೆ ಎರಡೂ ನಡೆಯುತ್ತಿದ್ದ ಹಿರಿಯ ತಾಯಿಯೊಬ್ಬರು ವಾಕರಿಕೆ, ಸುಸ್ತು ಎಂದು ಬಂದರು. ಮೆಂತ್ಯದ ನೀರು, ಜೀರಿಗೆ ಕಷಾಯ, ಮಧ್ಯಾಹ್ನ ಎಲೆಅಡಿಕೆ ಎಂದು ಹೇಳುತ್ತಾ ಹೋದವರು, ಸಂಚಿ ಬಿಚ್ಚಿ ಬೆರಳುದ್ದದ ಹಳದಿ ಕಡ್ಡಿಯೊಂದನ್ನು ನನ್ನ ಮೇಜಿನ ಮೇಲಿಟ್ಟರು. ತುದಿ ಅಗಿದು ನಾರಾಗಿತ್ತು. ‘ಇದು ಔಷಧಿ ಅಲ್ಲ ಡಾಕ್ಟ್ರೇ, ಗಂಟಲಿಗೆ ಅಷ್ಟೇ. ಆರು ತಿಂಗಳಿಂದ ದಿನಾ ಇದೆ’ ಎಂದರು. ಅಂದು ಸಂಜೆ ಬಂದ ರಕ್ತಪರೀಕ್ಷೆಯಲ್ಲಿ ಅವರ ಪೊಟ್ಯಾಸಿಯಂ 2.8 ಇತ್ತು.